ತಾರಸಿ ಯಾರದು, ಬಿಸಿಲು ಯಾರಿಗೆ? ಬೆಂಗಳೂರಿನ ಮನೆಗಳ ವಿದ್ಯುತ್ ಲೆಕ್ಕ

ಬೆಂಗಳೂರಿನ ವಿದ್ಯುತ್ ಗ್ರಾಹಕರ ಕಿವಿಗೆ ಕಳೆದ ಎರಡು ಮೂರು ವರ್ಷಗಳಿಂದ ಒಂದಕ್ಕೊಂದು ತಾಳೆಯಾಗದ ಸುದ್ದಿಗಳು ಬೀಳುತ್ತಿವೆ. ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ ಎಂದು ರಾಜ್ಯ ಸರ್ಕಾರ ಹೇಳುತ್ತದೆ. ತಾರಸಿಯ ಮೇಲೆ ಸೌರಫಲಕ ಹಾಕಿಸಿಕೊಂಡರೆ ₹78,000ದವರೆಗೆ ಸಹಾಯಧನ ಕೊಡುವುದಾಗಿ ಕೇಂದ್ರ ಸರ್ಕಾರ ಹೇಳುತ್ತದೆ. ಯೂನಿಟ್ ದರ ಇಳಿಯಿತು ಎಂದು ವಿದ್ಯುತ್ ನಿಯಂತ್ರಣ ಆಯೋಗದ ಆದೇಶ ಸಾರುತ್ತದೆ, ಆದರೆ ಅದೇ ಆದೇಶದಲ್ಲಿ ನಿಗದಿತ ಶುಲ್ಕ ಏರಿರುತ್ತದೆ. ಇವುಗಳ ನಡುವೆ ಅಪಾರ್ಟ್‌ಮೆಂಟ್ ಸಂಘಗಳು, ಬಡಾವಣೆಗಳ ನಿವಾಸಿಗಳು, ಗ್ರಾಹಕರ ಪರ ಕೆಲಸ ಮಾಡುವವರು ಸೇರಿ ಅಗ್ಗದ, ಶುದ್ಧ ವಿದ್ಯುತ್ತಿಗಾಗಿ ಹಕ್ಕೊತ್ತಾಯ ಮಂಡಿಸುತ್ತಿದ್ದಾರೆ. ಉಚಿತವಾಗಿಯೇ ಸಿಗುತ್ತಿರುವಾಗ ಈ ಹೋರಾಟ ಏಕೆ ಎಂಬ ಪ್ರಶ್ನೆ ಸಹಜ.

ಉತ್ತರ ಸಿಗಬೇಕಾದರೆ ಮೊದಲು ಕರೆಂಟ್ ಬಿಲ್ಲನ್ನು, ನಂತರ ತಾರಸಿಯನ್ನು ನೋಡಬೇಕಾಗುತ್ತದೆ.

ಬಿಲ್ಲಿನೊಳಗೆ ಏನಿದೆ

ಮನೆಗೆ ಬರುವ ಬಿಲ್ಲಿನಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಬಳಸಿದ ಯೂನಿಟ್‌ಗಳಿಗೆ ಕೊಡುವ ಹಣ ಒಂದು. ಬಳಸಲಿ ಬಿಡಲಿ, ಮಂಜೂರಾದ ಹೊರೆಗೆ (ಮನೆ ಒಮ್ಮೆಗೆ ಎಳೆಯಲು ಅನುಮತಿಯಿರುವ ಗರಿಷ್ಠ ವಿದ್ಯುತ್ತಿಗೆ) ಕಿಲೋವಾಟ್ ಲೆಕ್ಕದಲ್ಲಿ ಪ್ರತಿ ತಿಂಗಳು ಕಟ್ಟಲೇಬೇಕಾದ ನಿಗದಿತ ಶುಲ್ಕ ಇನ್ನೊಂದು. ಯೂನಿಟ್ ಹಣದ ಮೇಲೆ ಶೇಕಡಾ 9ರಷ್ಟು ವಿದ್ಯುತ್ ತೆರಿಗೆ ಸೇರುತ್ತದೆ. 2025ರ ಏಪ್ರಿಲ್‌ನಿಂದ ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಯಿಟಿಯ ಬಾಬ್ತು ಯೂನಿಟ್‌ಗೆ 36 ಪೈಸೆಯ ಹೆಚ್ಚುವರಿ ಶುಲ್ಕವೂ ಬಂದಿದೆ.

2023-24ರಲ್ಲಿ ತಿಂಗಳಿಗೆ 100 ಯೂನಿಟ್ ಮೀರಿ ಬಳಸುವ ಮನೆ ಯೂನಿಟ್‌ಗೆ ₹7 ತೆರುತ್ತಿತ್ತು. 2024-25ರಲ್ಲಿ ಆಯೋಗವು ಹಂತಗಳನ್ನು ತೆಗೆದುಹಾಕಿ ಎಲ್ಲ ಮನೆಗಳಿಗೂ ₹5.90 ಎಂದು ನಿಗದಿಪಡಿಸಿತು. 2025-26ಕ್ಕೆ ಅದು ₹5.80 ಆಯಿತು. ಇದೇ ಅವಧಿಯಲ್ಲಿ ನಿಗದಿತ ಶುಲ್ಕ ಕಿಲೋವಾಟ್‌ಗೆ ₹110ರಿಂದ ₹120ಕ್ಕೆ, ಅಲ್ಲಿಂದ ₹145ಕ್ಕೆ ಏರಿತು.

ತಿಂಗಳಿಗೆ 300 ಯೂನಿಟ್ ಬಳಸುವ, 3 ಕಿಲೋವಾಟ್ ಹೊರೆ ಮಂಜೂರಾದ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2023-24ರಲ್ಲಿ ಅದರ ಯೂನಿಟ್ ಹಣ ₹2,100, ನಿಗದಿತ ಶುಲ್ಕ ₹330. 2025-26ರಲ್ಲಿ ಯೂನಿಟ್ ಹಣ ₹1,740ಕ್ಕೆ ಇಳಿದಿದೆ, ನಿಗದಿತ ಶುಲ್ಕ ₹435ಕ್ಕೆ ಏರಿದೆ. ಒಟ್ಟು ಮೊತ್ತ ಕಡಿಮೆಯಾಗಿರುವುದು ನಿಜ, ಆ ಮಟ್ಟಿಗೆ ಮನೆಯವರಿಗೆ ಅನುಕೂಲವೇ. ಆದರೆ ಉಳಿತಾಯ ಮಾಡಿದರೆ ಕಡಿಮೆಯಾಗುವ ಭಾಗ ಕುಗ್ಗಿ, ಏನು ಮಾಡಿದರೂ ಕಡಿಮೆಯಾಗದ ಭಾಗ ಹಿಗ್ಗಿದೆ. ಹಳೆಯ ಫ್ಯಾನ್ 75 ವಾಟ್ ಎಳೆಯುತ್ತದೆಂದು ಅದನ್ನು ತೆಗೆದು 28 ವಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿಸುವವರಿಗೂ, ತಾರಸಿಯಲ್ಲಿ ಸೌರಫಲಕ ಕೂರಿಸುವವರಿಗೂ ಸಿಗುವ ಲಾಭ ಯೂನಿಟ್ ದರದ ಮೇಲೆಯೇ ನಿಂತಿದೆ. ₹7 ಉಳಿಯುತ್ತಿದ್ದ ಕಡೆ ₹5.80 ಉಳಿದರೆ, 300 ಯೂನಿಟ್‌ನ ಮನೆಗೆ ವರ್ಷಕ್ಕೆ ₹4,320ರಷ್ಟು ಲಾಭ ಖೋತಾ ಆಗುತ್ತದೆ. ಫಲಕಕ್ಕೆ ಹಾಕಿದ ಬಂಡವಾಳ ವಾಪಸು ಬರುವ ಕಾಲವೂ ಅದಕ್ಕೆ ತಕ್ಕಂತೆ ಮುಂದೆ ಹೋಗುತ್ತದೆ. ದರ ಇಳಿಕೆಯ ಸುದ್ದಿಗೆ ಸೌರ ವಿದ್ಯುತ್ ಪರವಾದವರು ಏಕೆ ಸಂಭ್ರಮಪಡಲಿಲ್ಲ ಎಂಬುದಕ್ಕೆ ಕಾರಣ ಇಲ್ಲಿದೆ.

200 ಯೂನಿಟ್‌ನ ಗಡಿ

ಗೃಹಜ್ಯೋತಿ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದಿತು. ಪ್ರತಿ ಮನೆಗೂ ಸಾರಾಸಗಟಾಗಿ 200 ಯೂನಿಟ್ ಉಚಿತ ಎಂಬುದು ಜನಪ್ರಿಯ ತಿಳಿವಳಿಕೆ. ಯೋಜನೆಯ ನಿಯಮ ಬೇರೆ. 2022-23ರಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದರೆ ಬರುವುದು ಆ ಮನೆಯ ಅರ್ಹ ಪ್ರಮಾಣ. ಬಳಕೆ ತೀರಾ ಕಡಿಮೆ ಇರುವ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸುವ ತಿದ್ದುಪಡಿ 2024ರಲ್ಲಿ ಬಂದಿತು. ಅರ್ಹ ಪ್ರಮಾಣದೊಳಗೆ ಬಳಸಿದರೆ ಶೂನ್ಯ ಬಿಲ್. ಅದನ್ನು ಮೀರಿ 200ರೊಳಗಿದ್ದರೆ ಮೀರಿದ ಯೂನಿಟ್‌ಗಳಿಗಷ್ಟೇ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕು.

ಬಡ ಮತ್ತು ಕೆಳಮಧ್ಯಮ ವರ್ಗದ ಮನೆಗಳಿಗೆ ಇದು ದೊಡ್ಡ ಆಸರೆ ಎಂಬುದರಲ್ಲಿ ಸಂಶಯವಿಲ್ಲ. ಬಾಡಿಗೆದಾರರನ್ನೂ ಒಳಗೊಂಡದ್ದು ಇದರ ದೊಡ್ಡ ಗುಣ. ತೊಡಕು ಇರುವುದು ಆ ಕೊನೆಯ ಗೆರೆಯಲ್ಲಿ. ತಿಂಗಳಿಗೆ 180 ಯೂನಿಟ್ ಸರಾಸರಿಯಿದ್ದ ಮನೆಗೆ 198 ಯೂನಿಟ್‌ವರೆಗೆ ಬಿಲ್ ಇಲ್ಲ. ಆ ಮನೆಯವರು ಗ್ಯಾಸ್ ಸಿಲಿಂಡರ್ ಉಳಿಸಲು ಇಂಡಕ್ಷನ್ ಒಲೆಯಲ್ಲಿ ಅನ್ನ ಸಾರು ಮಾಡಲು ತೊಡಗಿದರೆ, ಅಥವಾ ಪೆಟ್ರೋಲ್ ಸ್ಕೂಟರ್ ಕೊಟ್ಟು ಬ್ಯಾಟರಿ ಸ್ಕೂಟರ್ ತಂದರೆ, ದಿನಕ್ಕೆ ಒಂದೆರಡು ಯೂನಿಟ್ ಹೆಚ್ಚು ಖರ್ಚಾಗುತ್ತದೆ. ಮೀಟರ್ ರೀಡರ್ ಬಂದ ದಿನ ಲೆಕ್ಕ 201 ಎಂದು ನಿಂತರೆ, 2 ಕಿಲೋವಾಟ್ ಹೊರೆಯ ಮನೆಗೆ ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ₹1,500 ಮೀರಿದ ಬಿಲ್ ಬರುತ್ತದೆ. ಹೊಗೆಯಿಲ್ಲದ ಇಂಧನದ ಕಡೆಗೆ ಒಂದು ಹೆಜ್ಜೆ ಇಟ್ಟ ಮನೆಯೇ ದಂಡ ತೆತ್ತಂತಾಗುತ್ತದೆ. ಯೋಜನೆ ರೂಪಿಸಿದವರ ಉದ್ದೇಶ ಖಂಡಿತ ಇದಾಗಿರಲಿಲ್ಲ, ಆದರೆ ಪರಿಣಾಮ ಇದೇ.

ಮತ್ತೊಂದು ಪರಿಣಾಮವೂ ಇದೆ. ಶೂನ್ಯ ಬಿಲ್ ಬರುವ ಮನೆಗೆ ಸೌರಫಲಕದ ಮೇಲೆ ಹಣ ಹಾಕಲು ಕಾರಣವೇ ಉಳಿದಿಲ್ಲ. ಹೀಗಾಗಿ ತಾರಸಿ ಸೌರ ವಿದ್ಯುತ್ ಎಂಬುದು 200 ಯೂನಿಟ್ ಮೀರಿ ಬಳಸುವ, ಸ್ವಂತ ತಾರಸಿಯಿರುವ, ಕೈಯಲ್ಲಿ ಹಣ ಅಥವಾ ಸಾಲ ಪಡೆಯುವ ಶಕ್ತಿಯಿರುವ ಮನೆಗಳಿಗೆ ಸೀಮಿತವಾಗುತ್ತಾ ಹೋಗುತ್ತಿದೆ.

ತಾರಸಿಯ ಪ್ರಶ್ನೆ

ಬೆಂಗಳೂರಿನ ಹಳೆಯ ಬಡಾವಣೆಯಲ್ಲಿ 30x40 ಸೈಟಿನ ಮೇಲೆ ಎದ್ದ ನಾಲ್ಕು ಅಂತಸ್ತಿನ ಒಂದು ಕಟ್ಟಡದ ತಾರಸಿಗೆ ಹತ್ತೋಣ. ಒಂದು ಮೂಲೆಯಲ್ಲಿ ಎರಡು ಕಪ್ಪು ಸಿಂಟೆಕ್ಸ್ ಟ್ಯಾಂಕು, ಅದರ ಪಕ್ಕ ಬಿಸಿನೀರಿನ ಸೋಲಾರ್, ಮೆಟ್ಟಿಲ ಮನೆ, ಬಟ್ಟೆ ಒಣಹಾಕುವ ತಂತಿ, ಪಕ್ಕದ ಕಟ್ಟಡದ ನೆರಳು. ಇವೆಲ್ಲ ಹೋಗಿ ಉಳಿಯುವುದು ಸುಮಾರು 400 ಚದರ ಅಡಿ ಎಂದಿಟ್ಟುಕೊಳ್ಳೋಣ. ಒಂದು ಕಿಲೋವಾಟ್ ಫಲಕಕ್ಕೆ ಹೆಚ್ಚೂಕಡಿಮೆ 100 ಚದರ ಅಡಿ ಬೇಕು. ನಮ್ಮ ಬಿಸಿಲಿಗೆ ಅದು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಮಳೆಗಾಲದಲ್ಲಿ ಕಡಿಮೆ. ಅಂದರೆ ಈ ತಾರಸಿಯಿಂದ ತಿಂಗಳಿಗೆ 480 ಯೂನಿಟ್ ಆಸುಪಾಸು ವಿದ್ಯುತ್ ಹುಟ್ಟಬಲ್ಲದು. ಕೆಳಗಿನ ನಾಲ್ಕೂ ಮನೆಗಳ ಅಗತ್ಯದ ದೊಡ್ಡ ಪಾಲನ್ನು ಇದು ತುಂಬುತ್ತದೆ.

ಆದರೆ ನಾಲ್ಕು ಮನೆಗೂ ನಾಲ್ಕು ಆರ್‌ಆರ್ ಸಂಖ್ಯೆ, ಅಂದರೆ ಬಿಲ್ಲಿನ ಮೇಲಿರುವ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ. ಸಾಮಾನ್ಯ ನೆಟ್ ಮೀಟರಿಂಗ್ ವ್ಯವಸ್ಥೆಯಲ್ಲಿ ಫಲಕ ಒಂದು ಆರ್‌ಆರ್ ಸಂಖ್ಯೆಗೆ ಜೋಡಣೆಯಾಗುತ್ತದೆ. ಮನೆಗೆ ದ್ವಿಮುಖ ಮೀಟರ್ ಬರುತ್ತದೆ. ಗ್ರಿಡ್‌ನಿಂದ, ಅಂದರೆ ಕಂಪನಿಯ ವಿದ್ಯುತ್ ಜಾಲದಿಂದ, ಎಳೆದದ್ದರಲ್ಲಿ ಗ್ರಿಡ್‌ಗೆ ಕೊಟ್ಟದ್ದನ್ನು ಕಳೆದು ಬಿಲ್ ಮಾಡುತ್ತಾರೆ. ಬಳಸಿ ಮಿಕ್ಕರೆ ಅದಕ್ಕೆ ಆಯೋಗ ನಿಗದಿಪಡಿಸಿದ ದರ ಸಿಗುತ್ತದೆ. 2013ರ ಆದೇಶದಲ್ಲಿ ಈ ದರ ಸಹಾಯಧನ ಪಡೆಯದವರಿಗೆ ₹9.56 ಇತ್ತು. ಫಲಕಗಳ ಬೆಲೆ ಇಳಿದಂತೆ ಅದೂ ಇಳಿಯುತ್ತಾ ಬಂದು, ಈಗ ಗ್ರಾಹಕರು ಕೊಳ್ಳುವ ದರಕ್ಕಿಂತ ಬಹಳ ಕೆಳಗಿದೆ. ಆದ್ದರಿಂದ ಮೇಲಿನ ಮನೆಯಲ್ಲಿರುವ ಮಾಲೀಕರು ತಮ್ಮ ಬಳಕೆಗೆ ಬೇಕಾದಷ್ಟು ಫಲಕ ಹಾಕಿಸಿ ನಿಲ್ಲಿಸುತ್ತಾರೆ. ಉಳಿದ ಜಾಗ ಖಾಲಿ. ಕೆಳಗಿನ ಮೂರು ಮನೆಗಳ ಬಾಡಿಗೆದಾರರಿಗೆ ತಮ್ಮ ತಲೆಯ ಮೇಲೆಯೇ ಬೀಳುವ ಬಿಸಿಲಿನ ಮೇಲೆ ಯಾವ ಹಕ್ಕೂ ಇಲ್ಲ.

2024ರ ಫೆಬ್ರುವರಿಯಲ್ಲಿ ಕೇಂದ್ರ ಪ್ರಕಟಿಸಿದ ಪಿಎಂ ಸೂರ್ಯಘರ್ ಯೋಜನೆ ದೇಶದ ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿದೆ. ಮೊದಲ 2 ಕಿಲೋವಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000, ಅಲ್ಲಿಗೆ ಒಟ್ಟು ₹78,000. ಇದೂ ತಾರಸಿಯ ಮೇಲೆ ಹಕ್ಕಿರುವವರನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಲೆಕ್ಕ. ಬಿಡಿ ಮನೆಗಳೇ ಹೆಚ್ಚಿರುವ ಊರುಗಳಲ್ಲಿ ಇದು ಸಲೀಸಾಗಿ ಕೂಡಿಬರುತ್ತದೆ. ಬಾಡಿಗೆಯ ವಠಾರಗಳೂ ಅಪಾರ್ಟ್‌ಮೆಂಟುಗಳೂ ತುಂಬಿರುವ ಬೆಂಗಳೂರಿನಲ್ಲಿ ಸಹಾಯಧನ ಎಷ್ಟೇ ಇದ್ದರೂ, ಒಂದು ತಾರಸಿಯನ್ನು ಹಂಚಿಕೊಂಡವರು ಒಂದು ಮಾತಿಗೆ ಬರದ ಹೊರತು ಕೆಲಸ ಮುಂದುವರಿಯುವುದಿಲ್ಲ. ಇಲ್ಲಿ ಸೌರ ವಿದ್ಯುತ್ತಿಗೆ ಬೇಕಾದ ಮೊದಲ ಸಾಮಗ್ರಿ ಸಂಘಟನೆ ಎನ್ನುವುದು ಅದಕ್ಕಾಗಿಯೇ.

ಅಪಾರ್ಟ್‌ಮೆಂಟ್ ಸಂಘಗಳು ಎಡವುವುದೆಲ್ಲಿ

ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್, ನೀರಿನ ಪಂಪು, ಕೊಳಚೆ ನೀರು ಶುದ್ಧೀಕರಣ ಘಟಕ, ಕಾರಿಡಾರಿನ ದೀಪ, ಇವೆಲ್ಲ ಸಾಮಾನ್ಯ ಮೀಟರಿನಲ್ಲಿ ಓಡುತ್ತವೆ. ಈ ಖರ್ಚು ನಿರ್ವಹಣಾ ಶುಲ್ಕದ ಮೂಲಕ ಎಲ್ಲರ ತಲೆಯ ಮೇಲೆ ಬರುತ್ತದೆ. ಗೃಹಜ್ಯೋತಿಯ ಶೂನ್ಯ ಬಿಲ್ ಪಡೆಯುವ ಫ್ಲ್ಯಾಟಿನವರೂ ಇದನ್ನು ತಪ್ಪಿಸಿಕೊಳ್ಳಲಾರರು. ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಬಳಕೆಗೆ 500 ಕಿಲೋವಾಟ್‌ವರೆಗೆ ಕಿಲೋವಾಟ್‌ಗೆ ₹18,000 ಸಹಾಯಧನ ಇದೆ. ಪಂಪು ಮತ್ತು ಶುದ್ಧೀಕರಣ ಘಟಕಗಳನ್ನು ಹಗಲಿನಲ್ಲೇ ಓಡಿಸಬಹುದಾದ್ದರಿಂದ ಬಿಸಿಲಿನ ಹೊತ್ತಿಗೂ ಬಳಕೆಯ ಹೊತ್ತಿಗೂ ಚೆನ್ನಾಗಿ ಹೊಂದುತ್ತದೆ. ನಗರದಲ್ಲಿ ಸಂಘಗಳು ಮೊದಲು ಕೈಹಾಕಬೇಕಾದದ್ದು ಇದಕ್ಕೇ.

ತೊಡಕುಗಳು ತಂತ್ರಜ್ಞಾನದಲ್ಲಿಲ್ಲ. ತಾರಸಿ ಎಲ್ಲರ ಅವಿಭಾಜ್ಯ ಆಸ್ತಿಯೋ, ಮೇಲಿನ ಅಂತಸ್ತಿನ ಖರೀದಿದಾರರಿಗೆ ಬಿಲ್ಡರ್ ಬರೆದುಕೊಟ್ಟಿದ್ದಾನೋ ಎಂಬ ತಕರಾರು ಅನೇಕ ಕಡೆ ಬಗೆಹರಿದಿಲ್ಲ. ಕೆಲವು ಸಂಘಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ, ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿವೆ. ಯಾವುದು ಸರಿ ಎಂಬ ಗೊಂದಲ ನ್ಯಾಯಾಲಯದವರೆಗೂ ಹೋಗಿದೆ. ಸಂಘದ ಕಾನೂನು ಸ್ಥಾನವೇ ಪ್ರಶ್ನೆಯಲ್ಲಿರುವಾಗ ಅದರ ಹೆಸರಿನಲ್ಲಿ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ಸಾಲವಿಲ್ಲದೆ ಮಾಡೋಣವೆಂದರೆ ಪ್ರತಿ ಫ್ಲ್ಯಾಟಿನಿಂದ ಒಮ್ಮೆಗೇ ಹಣ ಎತ್ತಬೇಕು. ವಾರ್ಷಿಕ ಮಹಾಸಭೆಯಲ್ಲಿ ಅಲ್ಲಿಯೇ ವಾಸಿಸುವ ಮಾಲೀಕರು ಒಪ್ಪುತ್ತಾರೆ, ಮನೆ ಬಾಡಿಗೆಗೆ ಕೊಟ್ಟು ಬೇರೆಡೆ ಇರುವವರು ಬೇಡವೆನ್ನುತ್ತಾರೆ. ಲಾಭ ಬಾಡಿಗೆದಾರನಿಗೆ, ಖರ್ಚು ತನಗೆ ಎಂಬ ಅವರ ವಾದವನ್ನು ಸ್ವಾರ್ಥ ಎಂದು ತಳ್ಳಿಹಾಕುವುದು ಸುಲಭ, ಆದರೆ ಲೆಕ್ಕ ನೋಡಿದರೆ ಅದು ಸುಳ್ಳಲ್ಲ.

ಬೆಂಗಳೂರು ಅಪಾರ್ಟ್‌ಮೆಂಟ್ಸ್ ಫೆಡರೇಷನ್‌ನಂಥ ಒಕ್ಕೂಟಗಳಿಗೆ ಮಹತ್ವ ಬರುವುದು ಇಂಥಲ್ಲಿ. ಒಂದೊಂದು ಸಂಘವೂ ಒಪ್ಪಂದದ ಕರಡು, ಗುತ್ತಿಗೆದಾರರ ದರ, ಸಹಾಯಧನದ ಕಾಗದಪತ್ರ ಎಂದು ತಾನೇ ಅಲೆಯುವ ಬದಲು, ಒಂದು ಕಡೆ ಆದ ಕೆಲಸದ ಕಾಗದಗಳು ಇನ್ನೊಂದು ಕಡೆಗೆ ಮಾದರಿಯಾದರೆ ಸಭೆಯಲ್ಲಿ ಅನುಮಾನಗಳು ಬೇಗ ಕರಗುತ್ತವೆ.

ಹಂಚಿಕೆಯ ಮೀಟರಿಂಗ್: ಹೊಸ ದಾರಿ

ಒಂದು ತಾರಸಿಯ ವಿದ್ಯುತ್ತನ್ನು ಹಲವು ಆರ್‌ಆರ್ ಸಂಖ್ಯೆಗಳಿಗೆ ಒಪ್ಪಿದ ಪಾಲಿನಂತೆ ಹಂಚಿ, ಆಯಾ ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆಗೆ ವರ್ಚುವಲ್ ನೆಟ್ ಮೀಟರಿಂಗ್ ಎನ್ನುತ್ತಾರೆ. ಒಬ್ಬರೇ ಗ್ರಾಹಕರ ಹಲವು ಮೀಟರುಗಳಿಗೆ ಹಂಚಿದರೆ ಅದು ಗ್ರೂಪ್ ನೆಟ್ ಮೀಟರಿಂಗ್. ಫಲಕ ಇರುವ ಜಾಗದಿಂದ ಪ್ರತಿ ಮನೆಗೂ ಬೇರೆ ತಂತಿ ಎಳೆಯಬೇಕಿಲ್ಲ. ವಿದ್ಯುತ್ ಗ್ರಿಡ್‌ಗೆ ಹೋಗುತ್ತದೆ, ಹಂಚಿಕೆ ನಡೆಯುವುದು ಬಿಲ್ಲಿನ ಲೆಕ್ಕದಲ್ಲಿ ಮಾತ್ರ.

ದೆಹಲಿಯ ನಿಯಂತ್ರಣ ಆಯೋಗ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಸೂರ್ಯಘರ್ ಯೋಜನೆಯ ಮಾರ್ಗಸೂಚಿಗಳು ಈ ಮಾದರಿಗಳನ್ನೂ ಸಹಾಯಧನದ ವ್ಯಾಪ್ತಿಗೆ ತಂದಿವೆ. ಕರ್ನಾಟಕದ ಆಯೋಗವೂ 2025ರಲ್ಲಿ ಇವುಗಳಿಗೆ ಬಾಗಿಲು ತೆರೆಯಿತು. ಮೇಲೆ ಹೇಳಿದ ನಾಲ್ಕಂತಸ್ತಿನ ಕಟ್ಟಡಕ್ಕೆ ಇದರಿಂದ ಆಗುವ ವ್ಯತ್ಯಾಸ ದೊಡ್ಡದು: ಖಾಲಿ ಬಿದ್ದ ತಾರಸಿಯ ಭಾಗದಲ್ಲೂ ಫಲಕ ಕೂರಿಸಿ, ಕೆಳಗಿನ ಮನೆಗಳಿಗೆ ಪಾಲು ಕೊಡಬಹುದು, ತಾರಸಿಯೇ ಇಲ್ಲದವರು ಹತ್ತಿರದ ಶಾಲೆಯ ಅಥವಾ ಸಮುದಾಯ ಭವನದ ಮಾಳಿಗೆಯಲ್ಲಿ ಪಾಲುದಾರರಾಗುವ ಯೋಚನೆಗೂ ಆಧಾರ ಸಿಕ್ಕಿದೆ. ಆದರೆ ಆದೇಶ ಬಂದ ಮಾತ್ರಕ್ಕೆ ಬಿಲ್ಲಿನಲ್ಲಿ ಪಾಲು ಇಳಿಯುವುದಿಲ್ಲ. ಉಪವಿಭಾಗದ ಕಚೇರಿಯ ಸಿಬ್ಬಂದಿಗೆ ತರಬೇತಿ, ಬಿಲ್ಲಿಂಗ್ ತಂತ್ರಾಂಶದಲ್ಲಿ ಬದಲಾವಣೆ, ಬಾಡಿಗೆದಾರ ಮನೆ ಬಿಟ್ಟಾಗ ಪಾಲು ಯಾರಿಗೆ ಎಂಬ ಸ್ಪಷ್ಟ ನಿಯಮ, ಇವಿಲ್ಲದೆ ಅದು ಕಾಗದದ ಮೇಲೆಯೇ ಉಳಿದೀತು.

ವಿದ್ಯುತ್ ಕಂಪನಿಯ ವಾದ

ಸಂಘಟಿತ ಗ್ರಾಹಕರ ಬೇಡಿಕೆಗೆ ಎದುರಾಗಿ ವಿದ್ಯುತ್ ಸರಬರಾಜು ಕಂಪನಿಗಳಿಗೂ ಒಂದು ವಾದವಿದೆ, ಅದನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಬೆಸ್ಕಾಂ ಬೆಂಗಳೂರು ನಗರವಷ್ಟೇ ಅಲ್ಲದೆ ಚಿತ್ರದುರ್ಗ, ದಾವಣಗೆರೆ, ಕೋಲಾರ, ತುಮಕೂರು ಸೇರಿ ಎಂಟು ಜಿಲ್ಲೆಗಳಿಗೆ ವಿದ್ಯುತ್ ಕೊಡುತ್ತದೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಸಿಬ್ಬಂದಿ, ಮೊದಲೇ ಮಾಡಿಕೊಂಡ ಖರೀದಿ ಒಪ್ಪಂದಗಳು, ಇವುಗಳ ಖರ್ಚು ಯೂನಿಟ್ ಮಾರಾಟ ಕಡಿಮೆಯಾದರೂ ಕಡಿಮೆಯಾಗುವುದಿಲ್ಲ. ಸೌರಫಲಕದ ಮನೆ ಹಗಲು ಗ್ರಿಡ್‌ಗೆ ಕೊಟ್ಟು ಸಂಜೆ ಏಳಕ್ಕೆ ಅದೇ ಗ್ರಿಡ್‌ನಿಂದ ಎಳೆಯುತ್ತದೆ, ಅಂದರೆ ಗ್ರಿಡ್ಡನ್ನೇ ಬ್ಯಾಟರಿಯಂತೆ ಬಳಸುತ್ತದೆ. ಕರ್ನಾಟಕದಲ್ಲಿ ಹಗಲಿನ ಸೌರ ವಿದ್ಯುತ್ತಿಗೆ ಕೊರತೆಯಿಲ್ಲ. ಪಾವಗಡದ 2,050 ಮೆಗಾವಾಟ್ ಪಾರ್ಕ್ ಒಂದೇ ಸಾಕು ಉದಾಹರಣೆಗೆ. ಕಷ್ಟವಿರುವುದು ಸಂಜೆಯ ಹೊತ್ತಿನಲ್ಲಿ. ಹೆಚ್ಚು ಬಳಸಿ ಹೆಚ್ಚು ಕಟ್ಟುವ ಮನೆಗಳೇ ಹೊರನಡೆದರೆ ಉಳಿದವರ ಮೇಲಿನ ಹೊರೆ ಏರುತ್ತದೆ, ಉಳಿದವರಲ್ಲಿ ತಾರಸಿಯಿಲ್ಲದ ಬಡವರೇ ಹೆಚ್ಚು. ನಿಗದಿತ ಶುಲ್ಕ ಏರಿಸುವುದಕ್ಕೆ ಕೊಡುವ ಸಮರ್ಥನೆ ಇದು.

ಇದರಲ್ಲಿ ಅರ್ಧ ಸತ್ಯವಿದೆ. ಜಾಲದ ಖರ್ಚನ್ನು ಯಾರಾದರೂ ಹೊರಲೇಬೇಕು ಎಂಬುದು ನಿಜ. ಆದರೆ ತಾರಸಿಯಲ್ಲಿ ಹುಟ್ಟಿದ ಯೂನಿಟ್ ಅದೇ ಬೀದಿಯಲ್ಲಿ ಖರ್ಚಾಗುತ್ತದೆ. ಪಾವಗಡದಿಂದ ಬರುವ ಯೂನಿಟ್‌ಗೆ ಇರುವ ಪ್ರಸರಣ ಖರ್ಚಾಗಲಿ ನಷ್ಟವಾಗಲಿ ಅದಕ್ಕಿಲ್ಲ, ಬೇಸಿಗೆಯ ಮಧ್ಯಾಹ್ನ ಎಸಿಗಳೆಲ್ಲ ಓಡುವಾಗ ಸ್ಥಳೀಯ ಟ್ರಾನ್ಸ್‌ಫಾರ್ಮರಿನ ಹೊರೆಯೂ ಇಳಿಯುತ್ತದೆ. ಈ ಉಳಿತಾಯಕ್ಕೆ ಬೆಲೆ ಕಟ್ಟದೆ ಖರ್ಚಿಗೆ ಮಾತ್ರ ಬೆಲೆ ಕಟ್ಟಿದರೆ ಲೆಕ್ಕ ಒಂದು ಕಡೆಗೆ ವಾಲುತ್ತದೆ. ಇನ್ನು ಬಡವರ ಹೆಸರಿನ ವಾದಕ್ಕೆ ಉತ್ತರ, ಬಡವರನ್ನೂ ಸೌರ ವಿದ್ಯುತ್ತಿನ ಪಾಲುದಾರರನ್ನಾಗಿ ಮಾಡುವುದು. ಉಳಿದವರನ್ನು ತಡೆಯುವುದರಿಂದ ಅವರಿಗೇನೂ ಸಿಗದು.

ಸಹಾಯಧನವನ್ನು ಫಲಕವಾಗಿಸಿದರೆ?

ಇಲ್ಲಿಂದ ಒಂದು ಪ್ರಸ್ತಾವ ಹುಟ್ಟುತ್ತದೆ. ಗೃಹಜ್ಯೋತಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಸುಮಾರು ಹತ್ತು ಸಾವಿರ ಕೋಟಿ ರೂಪಾಯಿ ತೆಗೆದಿಡುತ್ತಿದೆ. ತಿಂಗಳಿಗೆ 130 ಯೂನಿಟ್ ಬಳಸುವ ಒಂದು ಮನೆಯ ಯೂನಿಟ್ ಹಣವೇ ₹754, ವರ್ಷಕ್ಕೆ ಒಂಬತ್ತು ಸಾವಿರದ ಆಸುಪಾಸು. ಅಷ್ಟು ವಿದ್ಯುತ್ತಿಗೆ ಒಂದು ಕಿಲೋವಾಟ್‌ಗಿಂತ ಸ್ವಲ್ಪ ಹೆಚ್ಚು ಸಾಮರ್ಥ್ಯದ ಫಲಕ ಬೇಕು. ಕಿಲೋವಾಟ್‌ಗೆ ಅರವತ್ತು ಸಾವಿರ ರೂಪಾಯಿ ಎಂದು ಹಿಡಿದರೆ, ಕೇಂದ್ರದ ಸಹಾಯಧನ ಬಿಟ್ಟರೂ ಏಳೆಂಟು ವರ್ಷಗಳ ಗೃಹಜ್ಯೋತಿ ಹಣಕ್ಕೆ ಅದು ಸಮ. ಫಲಕದ ಬಾಳಿಕೆ ಇಪ್ಪತ್ತೈದು ವರ್ಷ. ಶೂನ್ಯ ಬಿಲ್ಲಿನ ಭರವಸೆಯನ್ನು ಮುರಿಯದೆಯೇ, ಆ ಮನೆಗಳ ಪಾಲಿನ ಫಲಕಗಳನ್ನು ಸರ್ಕಾರಿ ಕಟ್ಟಡ, ಕೊಳೆಗೇರಿ ಮಂಡಳಿಯ ವಸತಿ ಸಮುಚ್ಚಯ, ವಠಾರಗಳ ತಾರಸಿಗಳ ಮೇಲೆ ಕಂಪನಿಯೇ ಕೂರಿಸಬಹುದು. ಸೂರ್ಯಘರ್ ಮಾರ್ಗಸೂಚಿಯಲ್ಲಿ ವಿತರಣಾ ಕಂಪನಿಯೇ ಮನೆಗಳ ಪರವಾಗಿ ಫಲಕ ಹಾಕುವ ಮಾದರಿಗೆ ಅವಕಾಶವೂ ಇದೆ.

ಇದು ಅಂದಾಜು ಲೆಕ್ಕ. ನಿರ್ವಹಣೆ, ಸಂಜೆಯ ವಿದ್ಯುತ್ತಿನ ಬೆಲೆ, ಬಡ್ಡಿ ಸೇರಿಸಿದರೆ ಅವಧಿ ಹಿಗ್ಗುತ್ತದೆ. ಆದರೂ ಪ್ರತಿ ವರ್ಷ ಖರ್ಚಾಗಿ ಹೋಗುವ ಹಣದ ಒಂದು ಭಾಗ ಆಸ್ತಿಯಾಗಿ ಉಳಿಯುತ್ತದೆ ಎಂಬುದೇ ಈ ಪ್ರಸ್ತಾವದ ಬಲ. ನಗರದ ಸಂಘಟನೆಗಳು ಸ್ವಂತ ತಾರಸಿಯವರ ಹಿತದಾಚೆಗೆ ಹೋಗಿ ಈ ಬೇಡಿಕೆಯನ್ನು ಎತ್ತಿಕೊಂಡರೆ ಮಾತ್ರ ಬಾಡಿಗೆದಾರರೂ ಅವರ ಜೊತೆ ನಿಂತಾರು.

ಮಾತು ಕೇಳಿಸಬೇಕಾದ ಜಾಗ

ದರ ನಿರ್ಧಾರವಾಗುವುದು ಬೆಸ್ಕಾಂ ಕಚೇರಿಯಲ್ಲಲ್ಲ, ವಸಂತನಗರದಲ್ಲಿರುವ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದಲ್ಲಿ. 2003ರ ವಿದ್ಯುತ್ ಕಾಯ್ದೆಯ 64ನೇ ಕಲಂ ಪ್ರಕಾರ ಕಂಪನಿಯ ದರ ಅರ್ಜಿಯನ್ನು ಪ್ರಕಟಿಸಿ, ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿದ ನಂತರವೇ ಆಯೋಗ ಆದೇಶ ಕೊಡಬೇಕು. ಎಫ್‌ಕೆಸಿಸಿಐ, ಕಾಸಿಯಾದಂಥ ಉದ್ಯಮಿಗಳ ಸಂಸ್ಥೆಗಳು ಅಂಕಿ-ಅಂಶಗಳೊಂದಿಗೆ ಈ ವಿಚಾರಣೆಗಳಿಗೆ ಹಾಜರಾಗುವುದು ವಾಡಿಕೆ. ಗೃಹ ಬಳಕೆದಾರರ, ಅದರಲ್ಲೂ ಬಾಡಿಗೆದಾರರ ದನಿ ಅಲ್ಲಿ ಕ್ಷೀಣ. ನಿಗದಿತ ಶುಲ್ಕವನ್ನು ಎಷ್ಟು ಏರಿಸಬಹುದು, ಮಿಕ್ಕ ಸೌರ ಯೂನಿಟ್‌ಗೆ ಎಷ್ಟು ಕೊಡಬೇಕು, ಹಂಚಿಕೆಯ ಮೀಟರಿಂಗ್‌ಗೆ ಯಾವ ಗಡುವು, ಈ ಮೂರೂ ಪ್ರಶ್ನೆಗಳು ಇತ್ಯರ್ಥವಾಗುವುದು ಆ ಕೊಠಡಿಯಲ್ಲಿ.

ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯೂ ಸಂಘಗಳ ಕೈಯಲ್ಲಿರುವ ಸಲಕರಣೆ. 10 ಕಿಲೋವಾಟ್‌ವರೆಗಿನ ತಾರಸಿ ಸ್ಥಾವರಕ್ಕೆ ಈಗ ತಾಂತ್ರಿಕ ಸಾಧ್ಯತೆಯ ಅಧ್ಯಯನ ಬೇಕಿಲ್ಲ. 5 ಕಿಲೋವಾಟ್‌ವರೆಗೆ ಜಾಲವನ್ನು ಬಲಪಡಿಸುವ ಖರ್ಚು ಕಂಪನಿಯದೇ. ಅರ್ಜಿ ತಡವಾದಾಗ ಗ್ರಾಹಕರ ಕುಂದುಕೊರತೆ ವೇದಿಕೆಗೆ, ಅಲ್ಲಿಂದ ಒಂಬುಡ್ಸ್‌ಮನ್‌ಗೆ ಹೋಗುವ ಹಕ್ಕಿದೆ. ಒಬ್ಬರ ದೂರು ಕಡತವಾಗುತ್ತದೆ; ಒಂದೇ ಉಪವಿಭಾಗದ ಇಪ್ಪತ್ತು ಸಂಘಗಳು ದಿನಾಂಕ ಸಹಿತ ತಮ್ಮ ಅರ್ಜಿಗಳ ಪಟ್ಟಿ ಇಟ್ಟರೆ ಅದು ಆಯೋಗದ ಮುಂದೆ ಸಾಕ್ಷ್ಯವಾಗುತ್ತದೆ.

2025ರ ಮಾರ್ಚ್‌ನ ಆದೇಶ 2025-26ರಿಂದ 2027-28ರವರೆಗಿನ ಮೂರು ವರ್ಷಗಳಿಗೆ ಒಟ್ಟಿಗೆ ದರ ಗೊತ್ತುಮಾಡಿದೆ. ಅದರ ನಂತರದ ಅವಧಿಗೆ ಕಂಪನಿಗಳು ತಮ್ಮ ಅರ್ಜಿಗಳನ್ನು ಸಾಮಾನ್ಯವಾಗಿ ಹಿಂದಿನ ನವೆಂಬರ್‌ನಲ್ಲೇ ಸಲ್ಲಿಸುತ್ತವೆ, ವಿಚಾರಣೆ ಮುಗಿದು ಏಪ್ರಿಲ್ ಒಂದರೊಳಗೆ ಆದೇಶ ಬರುತ್ತದೆ. ಅಂದರೆ ತಾರಸಿಯ ಅಳತೆ, ಸಾಮಾನ್ಯ ಮೀಟರಿನ ಹನ್ನೆರಡು ತಿಂಗಳ ಬಿಲ್, ಬಾಡಿಗೆ ಮನೆಗಳ ಸಂಖ್ಯೆ, ತಡವಾದ ಅರ್ಜಿಗಳ ದಿನಾಂಕ, ಇವನ್ನೆಲ್ಲ ಜೋಡಿಸಿಕೊಳ್ಳಲು ಸಂಘಗಳಿಗೆ ಇರುವ ಕಾಲಾವಕಾಶ 2027ರ ನವೆಂಬರ್‌ವರೆಗೆ.